ಗಾಳಿ ಪುಕ್ಕಟೆ, ಕಂಬ ಅಲ್ಲ

ಆಳಂದ, ಅಫಜಲಪುರ, ಜೇವರ್ಗಿ ಕಡೆ ದೊಡ್ಡ ಗಾಳಿಯಂತ್ರಗಳನ್ನು ಕಂಡವರಿಗೆ ಮನೆಗೂ ಒಂದು ಸಣ್ಣದು ಕೂಡಿಸಿದರೆ ಹೇಗೆ ಎನಿಸುವುದು ಸಹಜ. ಅಫಜಲಪುರ ತಾಲ್ಲೂಕಿನಲ್ಲಿರುವ ನಮ್ಮ ಹೊಲದ ಮನೆಗೆ ಬೇಕೇ ಬೇಕೆಂದು ಕಾಕಾ ಹಟ ಹಿಡಿದರು. "ಗಾಳಿ ಫುಕಟ್ ಅದ ತಮ್ಮಾ, ರೊಕ್ಕ ಯಾಕ ಕೊಡೂದು?" 1 ಕಿಲೋವಾಟ್ ಯಂತ್ರ, ಕಂಬ, ಬ್ಯಾಟರಿ, ಇನ್ವರ್ಟರ್ ಎಲ್ಲ ಸೇರಿ ಕೊಟೇಶನ್ ಎರಡು ಲಕ್ಷ ದಾಟಿತ್ತು. ಮೊದಲು ಒಂದು ವರ್ಷ ಗಾಳಿ ಅಳೆಯೋಣ ಕಾಕಾ ಎಂದೆ. ಕಬ್ಬಿಣದ ಪೈಪಿನ ತುದಿಗೆ ಗಾಳಿಮಾಪಕ ಕಟ್ಟಿದೆವು.

ಗಾಳಿಯ ವೇಗ ಅರ್ಧಕ್ಕಿಳಿದರೆ ಅದರ ಶಕ್ತಿ ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. ಯಂತ್ರದ ಮೇಲೆ ಬರೆದ 1 ಕಿಲೋವಾಟ್ ಸಾಮಾನ್ಯವಾಗಿ ಸೆಕೆಂಡಿಗೆ 11 ಮೀಟರ್ ಆಸುಪಾಸಿನ ಗಾಳಿಗೆ, ಅಂದರೆ ಗಂಟೆಗೆ 40 ಕಿ.ಮೀ. ವೇಗಕ್ಕೆ ಹೇಳಿದ್ದು. ಗಾಳಿ 4 ಮೀಟರಿಗೆ ಇಳಿದರೆ ಅದೇ ಯಂತ್ರ ಕೊಡುವುದು 50 ವಾಟ್ ಸುಮಾರು. ಒಂದು ಫ್ಯಾನ್ ತಿರುಗೀತು, ಅಷ್ಟೇ. ದೊಡ್ಡ ಯಂತ್ರಗಳಿಗೆ ಸಿಗುವುದು ನೂರು ಮೀಟರಿಗೂ ಮೇಲಿನ ಗಾಳಿ. 10 ಮೀಟರ್ ಕಂಬದ ತುದಿಯಲ್ಲಿ ಅದರ ಶಕ್ತಿಯ ಮೂರನೇ ಒಂದು ಪಾಲು ಉಳಿದರೆ ಹೆಚ್ಚು. ಶಹಾಬಾದ್ ಕಲ್ಲಿನ ಮಾಳಿಗೆ ಮೇಲೆ ಕೂಡಿಸಿದರಂತೂ ಗಾಳಿ ಗೋಡೆಗೆ ಬಡಿದು ಸುಳಿಯಾಗುತ್ತದೆ, ಯಂತ್ರದ ನಡುಕ ಮನೆಗೆ ಇಳಿಯುತ್ತದೆ. ಸುತ್ತಲಿನ ಮರ, ಮನೆಗಳಿಗಿಂತ ಮೂವತ್ತು ಅಡಿ ಮೇಲಿರುವ ಪ್ರತ್ಯೇಕ ಕಂಬ ಬೇಕು, ಸಿಡಿಲಿಗೆ ಅರ್ಥಿಂಗ್ ಬೇಕು. ಹಣ ಹೋಗುವುದು ಅಲ್ಲಿ.

ಮಾಪಕ ಕಲಿಸಿದ್ದು ಋತುಮಾನದ ಪಾಠ. ಆಷಾಢದಲ್ಲಿ ಅದರ ಬಟ್ಟಲುಗಳು ಹಗಲೂ ರಾತ್ರಿ ಗಿರಗಿರ ತಿರುಗಿದವು, ಕಾಕಾ ಮುಖ ಅರಳಿತು. ದಸರೆ ಕಳೆದ ಮೇಲೆ ಗಾಳಿ ಸತ್ತಂತಾಯಿತು. ತೊಗರಿ ರಾಶಿ ತೂರಲು ಮೊರ ಹಿಡಿದು ಗಾಳಿಗಾಗಿ ಕಾಯುತ್ತಿದ್ದ ಹಿರಿಯರಿಗೆ ಇದು ಹೊಸತಲ್ಲ. ಕೂಲರ್ ಇಲ್ಲದೆ ಮಲಗಲಾಗದ ಏಪ್ರಿಲ್, ಮೇ ರಾತ್ರಿಗಳಲ್ಲೂ ಎಷ್ಟೋ ಹೊತ್ತು ಬಟ್ಟಲು ಅಲುಗಲಿಲ್ಲ. ಕರೆಂಟು ಹೆಚ್ಚು ಬೇಕಾದಾಗ ಗಾಳಿಯಿಲ್ಲ, ಬಿಸಿಲಂತೂ ಧಾರಾಳ.

ಊರೊಳಗೆ ಲೈನ್ ಇರುವ ಮನೆಯ ಲೆಕ್ಕ ನೋಡಿ. ವರ್ಷದ ಸರಾಸರಿ ಗಾಳಿ 4 ಮೀಟರ್ ಇದ್ದರೆ 1 ಕಿಲೋವಾಟ್ ಯಂತ್ರದಿಂದ ದಿನಕ್ಕೆ ಒಂದೂವರೆ ಯೂನಿಟ್ ಬಂದೀತು. ಯೂನಿಟ್‌ಗೆ 7 ರೂಪಾಯಿ ಹಿಡಿದರೂ ವರ್ಷಕ್ಕೆ 3,800 ರೂಪಾಯಿ ಉಳಿತಾಯ. ಅದೇ ಎರಡು ಲಕ್ಷವನ್ನು ಶೇ 6ರ ಠೇವಣಿ ಇಟ್ಟರೆ 12,000 ಬಡ್ಡಿ. ಮೇಲಾಗಿ 2023ರ ಆಗಸ್ಟ್ 5ರಂದು ನಮ್ಮ ಕಲಬುರಗಿಯಲ್ಲೇ ಚಾಲನೆ ಪಡೆದ ಗೃಹಜ್ಯೋತಿಯಿಂದ ಬಿಲ್ ಸೊನ್ನೆಯಾದ ಮನೆಗೆ ಉಳಿಯುವುದೂ ಸೊನ್ನೆ. ಅಂಥವರಿಗೆ ಕರೆಂಟ್ ಹೋದಾಗ ಆಗುವ ತೊಂದರೆಗಷ್ಟೇ ಪರಿಹಾರ ಬೇಕು. ಅದಕ್ಕೊಂದು ಒಳ್ಳೆಯ ಇನ್ವರ್ಟರ್ ಸಾಕು.

ಬಿಲ್ ಭಾರವಾಗಿರುವ ಮನೆಗೆ ಸೋಲಾರ್ ಲೇಸು. 3 ಕಿಲೋವಾಟ್‌ನಿಂದ ದಿನಕ್ಕೆ ಸುಮಾರು 12 ಯೂನಿಟ್ ಬರುತ್ತದೆ, 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಕೇಂದ್ರದಿಂದ 78,000 ರೂಪಾಯಿ ಸಹಾಯಧನವಿದೆ. ಆ ಯೋಜನೆ ಗಾಳಿಯಂತ್ರಕ್ಕಿಲ್ಲ. ಒಂದು ಮಾತು ಮರೆಯಬೇಡಿ: ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಸೋಲಾರ್ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ.

ಲೈನ್ ಬಾರದ ಹೊಲದ ಮನೆಯ ಮಾತು ಬೇರೆ. ಮೋಡ ಮುಸುಕಿ ಸೋಲಾರ್ ಸೋಲುವ ಜೂನ್, ಜುಲೈನಲ್ಲೇ ಗಾಳಿ ಜೋರು. ಅಂಥಲ್ಲಿ ಸೋಲಾರ್ ಜೊತೆಗೆ ಗಾಳಿಯಂತ್ರ ಎರಡನೆಯ ಎತ್ತಾಗಿ ದುಡಿಯಬಲ್ಲದು, ಕಂಬ ಎತ್ತರವಿದ್ದರೆ, ರಿಪೇರಿಗೆ ಕಲಬುರಗಿಯಲ್ಲಾದರೂ ಜನ ಸಿಕ್ಕರೆ. ನಮಗೆ ಅಂಥ ರಿಪೇರಿಯವರು ಸಿಗಲಿಲ್ಲ. ಕಾಕಾ ಎರಡು ಪ್ಯಾನೆಲ್ ಹೆಚ್ಚಿಗೆ ಹಾಕಿಸಿ, ದೊಡ್ಡ ಬ್ಯಾಟರಿ ಇಟ್ಟುಕೊಂಡರು. ನಾಲ್ಕೈದು ವರ್ಷಕ್ಕೊಮ್ಮೆ ಬ್ಯಾಟರಿ ಬದಲಿಸುವ ಖರ್ಚನ್ನು ಈಗಿಂದಲೇ ತಿಂಗಳಿಗಿಷ್ಟು ಎಂದು ಎತ್ತಿಡಿ ಎಂದಿದ್ದೇನೆ.

ಆದರೂ ಯಂತ್ರ ಬೇಕೆನ್ನುವವರು ಮುಂಗಡ ಕೊಡುವ ಮೊದಲು ಮಾರುವವರಿಂದ ಒಂದು ವಿಷಯ ಬರಹದಲ್ಲಿ ಪಡೆಯಿರಿ: ಸೆಕೆಂಡಿಗೆ 4 ಮೀಟರ್ ಗಾಳಿಯಲ್ಲಿ ಇದು ಎಷ್ಟು ವಾಟ್ ಕೊಡುತ್ತದೆ? ಬರೆದುಕೊಡಲು ಹಿಂಜರಿದರೆ ದಯವಿಟ್ಟು ಹಣ ಕೊಡಬೇಡಿ.