ಸಂಬಾರದ ಡಬ್ಬಿಯೂ ಮನೆಯವರ ಆರೋಗ್ಯವೂ



ನಾವು ಈ ಶಾಲೆಯಲ್ಲಿ ಓದುತ್ತಿದ್ದಾಗ ಗೃಹಕೃತ್ಯದ ಪಾಠದಲ್ಲಿ ಉಪಾಧ್ಯಾಯಿನಿಯವರು ಏಳು ಬಟ್ಟಲುಗಳ ಹಿತ್ತಾಳೆಯ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟು, ಅದರೊಳಗಣ ಒಂದೊಂದು ಪದಾರ್ಥವೂ ಗಿಡದ ಯಾವ ಭಾಗವೆಂಬುದನ್ನು ನಮ್ಮಿಂದಲೇ ಹೇಳಿಸುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ಜ್ಞಾಪಕವಿರಬಹುದು. ಅರಿಸಿನವು ನೆಲದೊಳಗಣ ಕಾಂಡ, ಲವಂಗವು ಅರಳದ ಮೊಗ್ಗು, ದಾಲ್ಚಿನ್ನಿಯು ತೊಗಟೆ, ಇಂಗು ಬೇರಿನಿಂದ ಒಸರಿ ಗಟ್ಟಿಯಾದ ಹಾಲು. ಆ ಪಾಠದಲ್ಲಿ ಹೇಳದೆ ಉಳಿದುದನ್ನು ಈಗ ಬರೆಯಬೇಕೆಂದು ನನ್ನ ಮನಸ್ಸು. ಈ ಪದಾರ್ಥಗಳು ದೇಹಕ್ಕೆ ಮಾಡುವ ಉಪಕಾರವೆಷ್ಟು, ಅವುಗಳಿಂದಾಗದ ಕೆಲಸ ಯಾವುದು ಎಂಬುದೇ ಆ ವಿಷಯ.

ಮೊದಲು ಅರಿಸಿನವನ್ನು ತೆಗೆದುಕೊಳ್ಳೋಣ. ಅದರ ಹಳದಿ ಬಣ್ಣಕ್ಕೆ ಕಾರಣವಾದ ಸತ್ವಕ್ಕೆ ಕರ್ಕ್ಯುಮಿನ್ ಎಂದು ಹೆಸರು. ಉರಿಯೂತವನ್ನು ತಗ್ಗಿಸುವ ಗುಣವು ಅದಕ್ಕುಂಟೆಂದು ಪ್ರಯೋಗಶಾಲೆಗಳಲ್ಲಿ ಕಂಡುಬಂದಿದೆ. ಆದರೆ ಒಣ ಅರಿಸಿನದಲ್ಲಿ ಈ ಸತ್ವವಿರುವುದು ನೂರಕ್ಕೆ ಸುಮಾರು ೩ ಪಾಲು. ಅದರಲ್ಲಿಯೂ ಕರುಳಿನಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ೧೯೯೮ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಆರೋಗ್ಯವಂತರಿಗೆ ೨ ಗ್ರಾಂ ಕರ್ಕ್ಯುಮಿನ್ ಕೊಟ್ಟಾಗ, ರಕ್ತದಲ್ಲಿ ಅದರ ಸುಳಿವೇ ಹೆಚ್ಚುಕಡಿಮೆ ಕಾಣಲಿಲ್ಲ. ಕರಿಮೆಣಸಿನ ಖಾರದ ಸತ್ವವಾದ ಪೈಪರಿನ್ನನ್ನು ೨೦ ಮಿಲಿಗ್ರಾಂನಷ್ಟು ಕೂಡಿಸಿ ಕೊಟ್ಟಾಗಲಾದರೋ ದೇಹಕ್ಕೆ ದೊರೆತ ಅಂಶವು ಸುಮಾರು ಇಪ್ಪತ್ತು ಪಟ್ಟು ಹೆಚ್ಚಿತು. ನಮ್ಮ ಮೆಣಸಿನ ಸಾರಿನಲ್ಲಿ ಇವೆರಡೂ ಜೊತೆಯಾಗಿಯೇ ಬೀಳುತ್ತವೆಂಬುದನ್ನು ನೆನೆದಾಗ ಅಜ್ಜಿಯರ ಕೈಗುಣಕ್ಕೆ ಬೆರಗಾಗುತ್ತೇವೆ. ಆದರೂ ಲೆಕ್ಕವನ್ನು ಮರೆಯಬಾರದು. ೨ ಗ್ರಾಂ ಕರ್ಕ್ಯುಮಿನ್ ಬೇಕಾದರೆ ಅರಿಸಿನದ ಪುಡಿಯು ೬೦ ಗ್ರಾಂಗಿಂತಲೂ ಹೆಚ್ಚು ಬೇಕು. ನಾವು ಹಾಕುವುದು ಒಂದು ಚಿಟಿಕೆ. ಹಾಗೆಂದು ಈ ಸತ್ವದ ಗುಳಿಗೆಗಳನ್ನು ಕೊಂಡು ನುಂಗುವುದೂ ಜಾಣತನವಲ್ಲ. ಮೆಣಸಿನ ಸತ್ವವನ್ನು ಕೂಡಿಸಿದ ಅಂಥ ಗುಳಿಗೆಗಳಿಂದ ಕೆಲವರ ಯಕೃತ್ತಿಗೆ ಹಾನಿಯಾದುದು ವೈದ್ಯರ ದಾಖಲೆಗಳಲ್ಲಿದೆ.

ಹಾಗಾದರೆ ಡಬ್ಬಿಯ ನಿಜವಾದ ಉಪಕಾರ ಯಾವುದು? ನನ್ನ ತಿಳಿವಳಿಕೆಯಂತೆ, ಅದು ಅನ್ನವನ್ನು ರುಚಿಗೊಳಿಸಿ, ಅರಗಿಸಿ, ಅದರ ಸಾರವು ಮೈಗೆ ಹತ್ತುವಂತೆ ಮಾಡುವುದೇ ಆಗಿದೆ. ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ೧೯೫೦ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯದ ಪಂಡಿತರು ಈ ವಿಷಯದಲ್ಲಿ ಬಹಳ ವರ್ಷ ದುಡಿದಿರುವರು. ಶುಂಠಿ, ಜೀರಿಗೆ, ಮೆಂತ್ಯ, ಇಂಗು ಮುಂತಾದುವನ್ನು ಇಲಿಗಳಿಗೆ ತಿನ್ನಿಸಿ ನೋಡಿದಾಗ ಪಿತ್ತರಸವೂ ಇತರ ಜೀರ್ಣರಸಗಳೂ ವೃದ್ಧಿಯಾದುವು. ಧಾನ್ಯ ಮತ್ತು ಬೇಳೆಗಳೊಡನೆ ಬೆಳ್ಳುಳ್ಳಿ, ನೀರುಳ್ಳಿಗಳನ್ನು ಕೂಡಿಸಿದರೆ ಅವುಗಳಲ್ಲಿನ ಕಬ್ಬಿಣದ ಅಂಶವು ಹೆಚ್ಚಾಗಿ ಬಿಡುಗಡೆಯಾಗುವುದೆಂದು ೨೦೧೦ರಲ್ಲಿ ಅಲ್ಲಿಯೇ ತೋರಿಸಲಾಯಿತು. ಹೆಣ್ಣುಮಕ್ಕಳಿಗೆ ಇದು ಸಣ್ಣ ಸಂಗತಿಯಲ್ಲ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ೧೫ರಿಂದ ೪೯ ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ೫೭ ಮಂದಿಗೆ ರಕ್ತಹೀನತೆಯಿತ್ತು. ಸೊಪ್ಪಿನ ಹುಳಿಗೆ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟು, ಉಣ್ಣುವಾಗ ನಿಂಬೆಯ ರಸ ಹಿಂಡಿಕೊಂಡರೆ ನಷ್ಟವೇನೂ ಇಲ್ಲ. ಆದರೆ ವೈದ್ಯರು ಕೊಟ್ಟ ಕಬ್ಬಿಣದ ಗುಳಿಗೆಯನ್ನು ಇದರ ನೆಪದಿಂದ ಬಿಡತಕ್ಕದ್ದಲ್ಲ.

ಮೆಣಸಿನಕಾಯಿಯ ಮಾತು ಬೇರೆ. ಇದು ಅಮೇರಿಕಾ ಖಂಡದ ಗಿಡ. ಪೋರ್ಚುಗೀಸರು ಬಂದ ಮೇಲೆಯೇ ನಮಗೆ ದೊರೆಯಿತು. ಬಂದ ಅತಿಥಿಯು ಮನೆಯೊಡೆಯನ ಹೆಸರನ್ನೇ ಕಸಿದುಕೊಂಡುದರಿಂದ, ಕರಾವಳಿಯವರು ಹಳೆಯ ಮೆಣಸನ್ನು ಒಳ್ಳೆಮೆಣಸು ಎಂದು ಕರೆದು ಅದರ ಮಾನವನ್ನು ಉಳಿಸಿರುವರು! ಹಸಿಮೆಣಸಿನಕಾಯಿಯಲ್ಲಿ ಸಿ ಜೀವಸತ್ವವು ಧಾರಾಳವಾಗಿದೆ; ಒಣಗಿಸಿದರೆ ಬಹುಭಾಗ ನಾಶವಾಗುತ್ತದೆ. ಥಾಯ್ಲೆಂಡಿನ ತರುಣಿಯರ ಮೇಲೆ ನಡೆಸಿ ೨೦೦೬ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಊಟಕ್ಕೆ ಹೆಚ್ಚು ಮೆಣಸಿನಕಾಯಿ ಕೂಡಿಸಿದಾಗ ಮೈಗೆ ಹತ್ತಿದ ಕಬ್ಬಿಣವು ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಕುಗ್ಗಿತು. ಅರಿಸಿನದಿಂದ ಹಾಗಾಗಲಿಲ್ಲ. ಬಣ್ಣಕ್ಕಾಗಿ ಖಾರ ಕಡಿಮೆಯಿರುವ ಬ್ಯಾಡಗಿಯ ಕಾಯಿಯೇ ಸಾಕೆಂಬುದು ನನ್ನ ಮತ.

ಶುಂಠಿಯು ಓಕರಿಕೆಯನ್ನು, ಮುಖ್ಯವಾಗಿ ಗರ್ಭಿಣಿಯರ ಬೆಳಗಿನ ಓಕರಿಕೆಯನ್ನು, ಸ್ವಲ್ಪಮಟ್ಟಿಗೆ ಶಮನಮಾಡುವುದು ನಿಜ. ಲವಂಗದ ಯೂಜಿನಾಲ್ ಎಂಬ ತೈಲವನ್ನು ದಂತವೈದ್ಯರೂ ಬಳಸುತ್ತಾರೆ. ಅದು ನೋವನ್ನು ಮರೆಸುವುದೇ ಹೊರತು ಹುಳುಕನ್ನು ಮುಚ್ಚಲಾರದು. ಮೆಂತ್ಯವು ರಕ್ತದ ಸಕ್ಕರೆಯನ್ನು ತಗ್ಗಿಸಿದ್ದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಪರೀಕ್ಷೆಗಳಲ್ಲಿ ಕಂಡಿದೆ, ಆದರೆ ಅಲ್ಲಿ ದಿನಕ್ಕೆ ೨೫ ಗ್ರಾಂ ಮತ್ತು ಅದಕ್ಕೂ ಹೆಚ್ಚಾಗಿ ಕೊಟ್ಟಿದ್ದರು. ಒಗ್ಗರಣೆಯ ನಾಲ್ಕು ಕಾಳುಗಳಿಂದ ಆ ಫಲವನ್ನು ನಿರೀಕ್ಷಿಸಲಾಗದು.

ಇನ್ನು ಕಷಾಯ. ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕಾಗಿದೆ. ನನ್ನ ಚಿಕ್ಕಮ್ಮನವರಿಗೆ ಕೆಮ್ಮು ಬಂದಾಗ ಮೆಣಸು, ಶುಂಠಿ, ಜೀರಿಗೆಗಳ ಕಷಾಯವನ್ನು ನಾನೇ ಎರಡು ತಿಂಗಳು ಕಾಯಿಸಿ ಕೊಟ್ಟೆನು. ಕುಡಿದ ಗಳಿಗೆಯಲ್ಲಿ ಗಂಟಲು ಹಗುರವಾಗುತ್ತಿದ್ದುದರಿಂದ ಗುಣವಾಗುತ್ತಿದೆಯೆಂದೇ ನಂಬಿದೆವು. ಕೊನೆಗೆ ಕಫವನ್ನು ಪರೀಕ್ಷಿಸಿದಾಗ ಕ್ಷಯವೆಂದು ತಿಳಿಯಿತು. ಆರು ತಿಂಗಳ ಔಷಧದಿಂದ ಅವರು ಚೇತರಿಸಿಕೊಂಡರು. ಆದರೆ ಅಷ್ಟರೊಳಗೆ ಅದೇ ಕೋಣೆಯಲ್ಲಿ ಮಲಗುತ್ತಿದ್ದ ಅವರ ಮಗಳಿಗೂ ರೋಗವು ಅಂಟಿತ್ತು. ಎರಡು ವಾರ ದಾಟಿದ ಕೆಮ್ಮಿಗೆ ಕಫದ ಪರೀಕ್ಷೆ ಆಗಲೇಬೇಕು. ಒಂದು ವರ್ಷ ತುಂಬದ ಕೂಸಿಗೆ ಕಷಾಯದ ನೆಪದಲ್ಲಿ ಜೇನು ನೆಕ್ಕಿಸಬಾರದು. ಅದರಿಂದ ಪ್ರಾಣಾಪಾಯದ ವಿಷಬಾಧೆಯುಂಟಾಗಬಹುದು. ಹಸುಗೂಸಿನ ಹೊಕ್ಕುಳಿಗೆ ಅರಿಸಿನ ಮೆತ್ತುವ ವಾಡಿಕೆಯೂ ಬೇಡ. ಅದನ್ನು ಶುಚಿಯಾಗಿ, ಒಣಗಿಟ್ಟರೆ ಸಾಕು.

ಅರಿಸಿನವನ್ನು ಕೊಳ್ಳುವುದರಲ್ಲಿಯೂ ಎಚ್ಚರ ಬೇಕು. ಬಾಂಗ್ಲಾದೇಶದಲ್ಲಿ ಮಂಕಾದ ಕೊಂಬುಗಳಿಗೆ ಹೊಳಪು ಕೊಡಲು ಸೀಸದ ಹಳದಿ ಬಣ್ಣವನ್ನು ಉಜ್ಜುತ್ತಿದ್ದರು. ೨೦೧೯ರಲ್ಲಿ ಅಲ್ಲಿನ ಪೇಟೆಯ ಮಾದರಿಗಳಲ್ಲಿ ನೂರಕ್ಕೆ ೪೭ರಲ್ಲಿ ಸೀಸವಿತ್ತು. ಸರಕಾರವು ದಂಡ ವಿಧಿಸಿ, ಜನರಿಗೆ ತಿಳಿವಳಿಕೆ ಕೊಟ್ಟ ಮೇಲೆ ೨೦೨೧ರ ಹೊತ್ತಿಗೆ ಒಂದರಲ್ಲಿಯೂ ಉಳಿಯಲಿಲ್ಲ. ನಮ್ಮ ದೇಶದ ಕೆಲವು ಪೇಟೆಗಳಲ್ಲಿಯೂ ಇಂಥ ಅರಿಸಿನ ಸಿಕ್ಕಿದುದುಂಟು. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾಡುವ ಕೇಡು ತಿರುಗಿ ಸರಿಯಾಗತಕ್ಕದ್ದಲ್ಲ. ಒಂದು ಚಮಚ ಪುಡಿಯನ್ನು ಲೋಟದ ನೀರಿಗೆ ಹಾಕಿ ಅಲುಗಿಸದೆ ಬಿಟ್ಟರೆ, ಶುದ್ಧವಾದುದು ತಳಕ್ಕಿಳಿದು ನೀರು ತಿಳಿಹಳದಿಯಾಗುವುದು. ಗಾಢ ಹಳದಿಯಾದರೆ ಬೆರಕೆಯ ಬಣ್ಣವಿದೆಯೆಂದು ಶಂಕಿಸಬೇಕು. ಸೀಸವು ಸ್ವಲ್ಪವೇ ಇದ್ದರೆ ಈ ಪರೀಕ್ಷೆಗೆ ಸಿಕ್ಕದೆಯೂ ಹೋಗಬಹುದು. ಆದುದರಿಂದ ನಾನು ಕಣ್ಣು ಕುಕ್ಕುವ ಹಳದಿಯ ಕೊಂಬನ್ನು ಬಿಟ್ಟು, ಮಂಕಾಗಿ ಒರಟಾಗಿರುವುದನ್ನೇ ಆರಿಸಿ ತಂದು, ತೊಳೆದು ಚೆನ್ನಾಗಿ ಬಿಸಿಲಿನಲ್ಲಿ ಒಣಗಿಸಿ, ಎರಡು ತಿಂಗಳಿಗಾಗುವಷ್ಟನ್ನು ಮಾತ್ರ ಪುಡಿಮಾಡಿಸಿ ಡಬ್ಬಿಗೆ ತುಂಬುತ್ತೇನೆ.