ಸ್ವಯಂಸೇವಕರಿಗೂ ಡ್ಯೂಟಿ ಸೈಕಲ್ ಬೇಡ್ವಾ?

ಬರ್ನ್‌ಔಟ್ ಅಂದ ಕೂಡಲೇ ನಮಗೆ ನೆನಪಾಗೋದು ಐಟಿ ಕಂಪನಿ, ನೈಟ್ ಶಿಫ್ಟ್, ಡೆಡ್‌ಲೈನ್. ಆದರೆ ಮನಶ್ಶಾಸ್ತ್ರದಲ್ಲಿ ಈ ಪದ ಬೇರೂರಿದ್ದು ಸಂಬಳವಿಲ್ಲದ ಕೆಲಸದಿಂದ. ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಹಗಲು ತಮ್ಮ ಸ್ವಂತ ಕ್ಲಿನಿಕ್‌ನಲ್ಲಿ ದುಡಿದು, ಸಂಜೆ ಮೇಲೆ ಒಂದು ಉಚಿತ ಚಿಕಿತ್ಸಾಲಯಕ್ಕೆ ಹೋಗುತ್ತಿದ್ದರು. ಅಲ್ಲಿದ್ದವರಲ್ಲಿ ಬಹಳಷ್ಟು ಜನ ಸ್ವಯಂಸೇವಕರು. ಅವರಲ್ಲೂ ತಮ್ಮಲ್ಲೂ ಕಂಡ ದಣಿವಿನ ಬಗ್ಗೆ 1974ರಲ್ಲಿ ಲೇಖನ ಬರೆದರು.

ಅವರು ಗಮನಿಸಿದ್ದೇನೆಂದರೆ, ಹೀಗೆ ಸೋತು ಹೋಗುತ್ತಿದ್ದವರು ಸೋಮಾರಿಗಳಲ್ಲ, ಎಲ್ಲರಿಗಿಂತ ಹೆಚ್ಚು ಮನಸ್ಸಿಟ್ಟು ದುಡಿಯುತ್ತಿದ್ದವರು. ಸಣ್ಣದಕ್ಕೂ ಸಿಟ್ಟು, ಯಾರ ಮೇಲೂ ನಂಬಿಕೆ ಇಲ್ಲ. ಹೆಚ್ಚು ಹೆಚ್ಚು ಹೊತ್ತು ಅಲ್ಲೇ ಇರ್ತಾರೆ, ಆಗೋ ಕೆಲಸ ಮಾತ್ರ ಕಡಿಮೆ.

ನಮ್ಮ ಕೆರೆ ಸ್ವಚ್ಛತೆಯ ಗುಂಪಲ್ಲೂ ಇದೇ ಆಯ್ತು. "ಈ ಭಾನುವಾರ ಆಗಲ್ಲ, ನಾಳೆ ಇಂಟರ್ನಲ್ಸ್ ಇದೆ" ಅನ್ನೋಕೆ ಗೆಳತಿಯೊಬ್ಬಳಿಗೆ ಎರಡು ಸೆಮಿಸ್ಟರ್ ಬಾಯಿ ಬರಲಿಲ್ಲ. ಒಂದು ದಿನ ವಾಟ್ಸಾಪ್ ಗುಂಪಿಂದಲೇ ಹೊರಟು ಹೋದಳು. ಆಮೇಲೆ ಕ್ಯಾಂಟೀನ್‌ನಲ್ಲಿ ನಮ್ಮನ್ನು ಕಂಡರೆ ಬೇರೆ ಟೇಬಲ್. ಸುಸ್ತಿಗಿಂತ, ಸುಸ್ತಾಗಿದೆ ಅಂತ ಒಪ್ಪಿಕೊಳ್ಳುವ ನಾಚಿಕೆಯೇ ಅವಳನ್ನು ದೂರ ಮಾಡಿತು. ಆ ನಾಚಿಕೆಯನ್ನು ಬೆಳೆಸಿದವರು ನಾವೇ. ಬಾರದವರನ್ನು "ಏನ್ ಮೇಡಂ, ತುಂಬಾ ಬಿಜಿನಾ?" ಅಂತ ಕಾಲೆಳೆಯುತ್ತಿದ್ದವರು ಇನ್ಯಾರು?

ಎಲೆಕ್ಟ್ರಿಕಲ್ ಲ್ಯಾಬ್‌ನಲ್ಲಿ ಮೋಟಾರಿನ ನೇಮ್‌ಪ್ಲೇಟ್ ನೋಡಿ. ಎಸ್1 ಅಂತಿದ್ದರೆ ನಿರಂತರ ಓಡಿಸಬಹುದು. ಎಸ್3, 40% ಅಂತಿದ್ದರೆ ಸಾಮಾನ್ಯವಾಗಿ 10 ನಿಮಿಷಕ್ಕೆ 4 ನಿಮಿಷ ಓಟ, 6 ನಿಮಿಷ ವಿಶ್ರಾಂತಿ. ಅದನ್ನು ಮೀರಿ ಓಡಿಸಿ ವೈಂಡಿಂಗ್ ಸುಟ್ಟರೆ ಮೋಟಾರಿಗೆ ನಿಷ್ಠೆ ಸಾಲದು ಅಂತ ಯಾರೂ ಬೈಯಲ್ಲ, ಓಡಿಸಿದವರಿಗೇ ಬೈತಾರೆ.

ಫ್ರಾಯ್ಡೆನ್‌ಬರ್ಗರ್ ಸೂಚಿಸಿದ ಉಪಾಯಗಳೂ ಹೀಗೇ ಸಾದಾ: ಗಂಟೆಗಳಿಗೆ ಮಿತಿ ಹಾಕಿ, ಒಬ್ಬರಿಗೇ ಒಂದೇ ಕೆಲಸ ಹಚ್ಚಬೇಡಿ, ಬಿಡುವು ಕೊಡಿ. ಬಿಡುವನ್ನು ಗುಂಪೇ ಕೊಡಬೇಕು ಅನ್ನೋದು ಇಲ್ಲಿ ಮುಖ್ಯ. ತಾನಾಗಿ ತಗೊಂಡ ರಜೆ ಮನಸ್ಸನ್ನು ಚುಚ್ಚುತ್ತೆ, ಪಟ್ಟಿಯಲ್ಲೇ ಬರೆದಿರೋ ರಜೆ ಅಷ್ಟು ಚುಚ್ಚಲ್ಲ.

ಈಗ ನಮ್ಮಲ್ಲಿ ಪಾಳಿ ಪಟ್ಟಿ ಇದೆ. ಪ್ರತಿ ಕೆಲಸಕ್ಕೂ ಇಬ್ಬರು. ಪುರಸಭೆಗೆ ಪತ್ರ ಬರೆಯೋಕೂ ಅಷ್ಟೇ. ಮೂರು ಭಾನುವಾರ ಕೆರೆ, ನಾಲ್ಕನೆಯದು ರಜೆ. ಇಂಟರ್ನಲ್ಸ್ ವಾರ ಎಲ್ಲರಿಗೂ ರಜೆ, ಕೆರೆ ಎಲ್ಲೂ ಓಡಿ ಹೋಗಲ್ಲ. ನಡುವೆ ಯಾರಾದರೂ ಬರದಿದ್ದರೆ ಕಾರಣ ಕೇಳೋ ಹಾಗಿಲ್ಲ.

ಪಟ್ಟಿಯನ್ನು ಆ ಗೆಳತಿಗೂ ಕಳಿಸಿದ್ದೇವೆ. ಉತ್ತರ ಬಂದಿಲ್ಲ. ನಾವೂ ಕೇಳಿಲ್ಲ.