ಕುಬ್ಜರ ಕೋಟೆಯಲ್ಲಿ ಅಪರಾಧ ಮತ್ತು ದಂಡನೆ

ರಾಜ್ಯಶಾಸ್ತ್ರದ ತರಗತಿಯಲ್ಲಿ ನಾವು ಪ್ಲೇಟೋವಿನ ಆದರ್ಶ ರಾಜ್ಯದಿಂದ ಮೊದಲ್ಗೊಂಡು ನಮ್ಮ ಸಂವಿಧಾನದ ಮೂಲಭೂತ ಹಕ್ಕುಗಳವರೆಗೆ ನ್ಯಾಯವೆಂದರೇನೆಂಬುದನ್ನು ಓದುತ್ತೇವೆ, ಪರೀಕ್ಷೆಯಲ್ಲಿ ಹತ್ತು ಅಂಕಗಳಿಗೆ ಬರೆಯುತ್ತೇವೆ. ಆದರೆ ನ್ಯಾಯವ್ಯವಸ್ಥೆಯೊಂದನ್ನು ಬುಡದಿಂದ ಕಟ್ಟಿ, ಅದು ನಡೆಯುವ ಬಗೆಯನ್ನು ಕಣ್ಣಾರೆ ನೋಡುವ ಅವಕಾಶ ಬಿ.ಎ. ವಿದ್ಯಾರ್ಥಿಗೆ ಎಲ್ಲಿ ದೊರೆಯಬೇಕು? ನನಗೆ ಅದು ದೊರೆತದ್ದು ಒಂದು ಕಂಪ್ಯೂಟರ್ ಆಟದಲ್ಲಿ ಎಂದರೆ ವಾಚಕರು ನಗಬಹುದು. ನಗಲಿ, ಪೂರ್ತಿ ಓದಿ ನಗಬೇಕೆಂದು ಮಾತ್ರ ನನ್ನ ಬಿನ್ನಹ.

ಆಟದ ಹೆಸರು ‘ಡ್ವಾರ್ಫ್ ಫೋರ್ಟ್ರೆಸ್’, ಅಂದರೆ ಕುಬ್ಜರ ಕೋಟೆ. ಅಮೆರಿಕದ ಟಾರ್ನ್ ಆಡಮ್ಸ್, ಜ್ಯಾಕ್ ಆಡಮ್ಸ್ ಎಂಬ ಸಹೋದರರು ಇದನ್ನು ರಚಿಸಿ 2006ರಲ್ಲಿ ಮೊದಲು ಹೊರತಂದರು. 2022ರ ಡಿಸೆಂಬರಿನಲ್ಲಿ ಚಿತ್ರಗಳಿಂದ ಕೂಡಿದ ಆವೃತ್ತಿ ಮಾರಾಟಕ್ಕೆ ಬಂತು. ಬರಿಯ ಅಕ್ಷರ ಚಿಹ್ನೆಗಳಿಂದ ನಡೆಯುವ ಹಳೆಯ ರೂಪ ಉಚಿತವಾಗಿಯೇ ಉಳಿದಿದೆ. ಹಾಸ್ಟೆಲಿನಲ್ಲಿ ನನ್ನ ಗೆಳೆಯನ ಹಳೆಯ ಲ್ಯಾಪ್‌ಟಾಪಿನಲ್ಲಿ ಓಡುವುದು ಆ ಉಚಿತ ರೂಪ. ಏಳು ಮಂದಿ ಕುಬ್ಜರು ಬಂಡಿಯಲ್ಲಿ ಸಾಮಾನು ಹೇರಿಕೊಂಡು ಕಾಡುನೆಲಕ್ಕೆ ಬಂದಿಳಿಯುತ್ತಾರೆ. ಬಂಡೆ ಕೊರೆಯುತ್ತಾರೆ, ಹೆಂಡ ಇಳಿಸುತ್ತಾರೆ, ಕೋಟೆ ಬೆಳೆದಂತೆ ವಲಸೆಗಾರರು ಬಂದು ಸೇರುತ್ತಾರೆ. ಆಡುವವನು ಯಾವೊಬ್ಬ ಕುಬ್ಜನನ್ನೂ ಕೈಹಿಡಿದು ನಡೆಸುವುದಿಲ್ಲ. ‘ಇಲ್ಲಿ ಅಗೆಯಿರಿ, ಅದನ್ನು ಮಾಡಿ’ ಎಂದು ಅಪ್ಪಣೆ ಕೊಡುತ್ತಾನೆ, ಅಷ್ಟೆ. ಪ್ರತಿಯೊಬ್ಬ ಕುಬ್ಜನಿಗೂ ಸ್ನೇಹವುಂಟು, ಹಗೆಯುಂಟು, ಹಳೆಯ ದುಃಖದ ನೆನಪುಂಟು.

ಜನ ಬೆಳೆದಲ್ಲಿ ಅಪರಾಧವೂ ಬೆಳೆಯುತ್ತದೆ. ಮನಸ್ಸು ಕೆಟ್ಟ ಕುಬ್ಜ ಕುರ್ಚಿ ಮೇಜುಗಳನ್ನು ಒಡೆಯುತ್ತಾನೆ, ಪಕ್ಕದವನನ್ನು ಹೊಡೆಯುತ್ತಾನೆ. ಕೊಲೆ, ಕಳವು, ಗೂಢಚರ್ಯೆಗಳೂ ನಡೆಯುತ್ತವೆ. ಆಗ ಒಬ್ಬನನ್ನು ಷರೀಫನನ್ನಾಗಿ ನೇಮಿಸಬೇಕು. ಕೋಟೆ ದೊಡ್ಡದಾದ ಮೇಲೆ ಅವನ ಸ್ಥಾನದಲ್ಲಿ ಕಾವಲುಪಡೆಯ ನಾಯಕ ಬರುತ್ತಾನೆ. ಸೆರೆಮನೆಗೆ ಸರಪಳಿಯನ್ನೋ ಪಂಜರವನ್ನೋ ಮಾಡಿಸಿಡಬೇಕು. ಇಷ್ಟರವರೆಗೆ ನಮ್ಮ ಲೋಕದಂತೆಯೇ ಇದೆ. ಬೇರೆ ಜನಾಂಗಗಳಿಗೆ ಬೇರೆ ನೀತಿಯನ್ನೂ ಸಹೋದರರು ಬರೆದಿಟ್ಟಿದ್ದಾರೆ. ಎಲ್ಫ್ ಎಂಬ ಕಾಡಿನ ಜನ ಮರ ಕಡಿಯುವುದನ್ನು ಊಹಿಸಲಾರದಷ್ಟು ಹೇಯವೆಂದೆಣಿಸುತ್ತಾರೆ. ತಾವು ಕೊಂದ ಶತ್ರುವಿನ ಮಾಂಸವನ್ನು ತಿನ್ನುವುದು ಅವರಿಗೆ ತಪ್ಪಲ್ಲ! ಆ ವಿಷಯ ಇನ್ನೊಂದು ಲೇಖನಕ್ಕಿರಲಿ.

ನಾನು ಹೇಳಬೇಕೆಂದಿರುವುದು ಕುಲೀನರ ಕಟ್ಟಳೆಗಳ ವಿಚಾರ. ಕೋಟೆಯಲ್ಲಿ ಬ್ಯಾರನ್ ಮುಂತಾದ ಬಿರುದಿನವರು ಹುಟ್ಟಿಕೊಳ್ಳುತ್ತಾರೆ. ಇವರು ತಮಗೆ ತೋಚಿದಾಗ ಎರಡು ಬಗೆಯ ಆಜ್ಞೆ ಹೊರಡಿಸುತ್ತಾರೆ. ಮೊದಲನೆಯದು, ಇಂತಿಷ್ಟು ದಿನದೊಳಗೆ ಇಂಥ ವಸ್ತು ಇಷ್ಟು ತಯಾರಾಗಬೇಕು ಎಂಬುದು. ಎರಡನೆಯದು, ಇಂಥ ವಸ್ತು ಕೋಟೆಯಿಂದ ಹೊರಗೆ ಮಾರಾಟವಾಗಕೂಡದು ಎಂಬುದು. ಗಾಜು ಬೇಕೆಂದು ಬ್ಯಾರನ್ ಕೇಳಿದನೆನ್ನಿ. ಆ ನೆಲದಲ್ಲಿ ಮರಳೇ ಇಲ್ಲದಿದ್ದರೆ ಗಾಜು ಎಲ್ಲಿಂದ ಬರಬೇಕು? ಗಡುವು ಮೀರಿದೊಡನೆ ಅಪರಾಧಗಳ ಪಟ್ಟಿಯಲ್ಲಿ ಹೊಸದೊಂದು ಸಾಲು ಮೂಡುತ್ತದೆ, ಕೋಟೆಯ ಕೆಲಸಗಾರನೊಬ್ಬ ಶಿಕ್ಷೆಗೆ ಗುರಿಯಾಗುತ್ತಾನೆ. ಶಿಕ್ಷಿಸಲು ಯಾರೂ ಸಿಗದೆ ಹೋದರೆ ಕುಲೀನನ ಮನಸ್ಸಿಗೆ ನೋವಾಗುವುದೂ ಉಂಟು. ಆ ನೋವನ್ನು ಆಟ ಅವನ ಭಾವನೆಗಳ ಪುಟದಲ್ಲಿ ದಾಖಲಿಸುತ್ತದೆ.

ರಫ್ತಿನ ನಿಷೇಧ ಇನ್ನೂ ವಿಚಿತ್ರ. ನಿಷೇಧಿತ ವಸ್ತುವನ್ನು ಮಾರಲು ತೀರ್ಮಾನಿಸುವವನು ಆಡುವವನು. ವ್ಯಾಪಾರಿಗಳೊಡನೆ ಚೌಕಾಸಿ ಮಾಡುವವನು ಕೋಟೆಯ ದಳ್ಳಾಳಿ. ಆದರೆ ವರ್ತಕರ ಬಂಡಿ ಗಡಿ ದಾಟಿದ ಮೇಲೆ ಆರೋಪ ಬಂದು ಬೀಳುವುದು ಆ ವಸ್ತುವನ್ನು ವ್ಯಾಪಾರದ ಕಟ್ಟೆಗೆ ಹೊತ್ತು ತಂದ ಕುಬ್ಜನ ತಲೆಯ ಮೇಲೆ! ಅವನಿಗೆ ಆಜ್ಞೆಯ ಅರಿವಿತ್ತೇ, ಲಾಭದಲ್ಲಿ ಪಾಲಿತ್ತೇ ಎಂದು ಕೇಳುವವರಿಲ್ಲ.

ಇದನ್ನು ಮೊದಲು ಕಂಡಾಗ ಗೆಳೆಯ ಬಿದ್ದುಬಿದ್ದು ನಕ್ಕ. ನನಗೆ ನಗು ಬರಲಿಲ್ಲ. ನಮ್ಮ ತಂದೆ ಮಂಡಿಯೊಂದರಲ್ಲಿ ಹಮಾಲಿ. ಒಮ್ಮೆ ಲಾರಿಗೆ ಹೇರಿದ ಚೀಲಗಳು ಊರು ಮುಟ್ಟಿದಾಗ ಲೆಕ್ಕಕ್ಕೆ ಎರಡು ಕಡಮೆ ಬಂದವು. ತೂಕ ಬರೆದವನು ಬೇರೆ, ರಸೀತಿ ಹರಿದವನು ಬೇರೆ, ಲಾರಿ ನಡೆಸಿದವನು ಬೇರೆ. ಕೂಲಿ ಮುರಿದುಕೊಂಡದ್ದು ಮಾತ್ರ ಹೊತ್ತ ನಾಲ್ವರದು. ‘ಕೊನೆಗೆ ಮುಟ್ಟಿದವರು ನಾವೇ ಅಲ್ಲವೇನಪ್ಪಾ’ ಎಂದಿಷ್ಟೇ ಅಪ್ಪ ಅಂದು ಮನೆಯಲ್ಲಿ ಹೇಳಿದ್ದು. ಕೊನೆಗೆ ಮುಟ್ಟಿದವನು ಅಪರಾಧಿ ಎಂಬ ಈ ನಿಯಮ ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ. ಕುಬ್ಜರ ಕೋಟೆಯಲ್ಲಿ ಅದು ಲಿಖಿತ ಶಾಸನವಾಗಿರುವುದನ್ನು ಕಂಡು ನಾನು ಬೆರಗಾದೆ.

ಕೊಲೆಯ ವಿಚಾರಣೆಯಲ್ಲಾದರೂ ವ್ಯವಸ್ಥೆ ಉತ್ತಮವಾಗಿದೆಯೇ ಎಂದು ನೋಡೋಣ. 2012ರ ಆವೃತ್ತಿಯಿಂದ ಕೋಟೆಗೆ ರಕ್ತಪಿಪಾಸುಗಳು ಬರತೊಡಗಿದರು. ಇವರು ಸುಳ್ಳು ಹೆಸರಿಟ್ಟುಕೊಂಡು ವಲಸೆಗಾರರ ನಡುವೆ ಬೆರೆತು ಬರುತ್ತಾರೆ; ಊಟ, ಹೆಂಡ, ನಿದ್ರೆ ಒಂದೂ ಬೇಕಿಲ್ಲ. ರಾತ್ರಿ ಮಲಗಿದವರ ರಕ್ತ ಹೀರುತ್ತಾರೆ. ಗೆಳೆಯನ ಕೋಟೆಯಲ್ಲಿ ಹೆಂಡ ಇಳಿಸುವವಳೊಬ್ಬಳು ಹೀಗೆ ಸತ್ತು ಬಿದ್ದಳು. ಒಬ್ಬ ಸಾಕ್ಷಿ ಮುಂದೆ ಬಂದು ಕಲ್ಲುಕುಟಿಗನೊಬ್ಬನ ಹೆಸರು ಹೇಳಿದ. ಆಟ ನಮ್ಮ ಮುಂದಿಟ್ಟದ್ದು ಆ ಒಂದು ಸಾಕ್ಷ್ಯ ಮತ್ತು ಕೋಟೆಯ ನಿವಾಸಿಗಳೆಲ್ಲರ ಪಟ್ಟಿ. ಪಟ್ಟಿಯಲ್ಲಿ ಯಾರನ್ನು ಬೇಕಾದರೂ ಆರಿಸಿ ಅಪರಾಧಿಯೆಂದು ಸಾರಬಹುದು. ಸಾಕ್ಷ್ಯ ಸಾಲದೆಂದು ತಡೆಯುವ ಮೇಲಿನ ನ್ಯಾಯಾಲಯವಿಲ್ಲ. ‘ಹೆಸರು ಸಿಕ್ಕಿದೆ, ಮುಗಿಸಿಬಿಡೋಣ ಮಾರಾಯ’ ಎಂದ ಗೆಳೆಯ. ಸಾಕ್ಷಿಯ ಪುಟವನ್ನೂ ತೆಗೆದು ನೋಡೆಂದು ನಾನು ಒತ್ತಾಯಿಸಿದೆ. ನೋಡಿದರೆ, ಮೊನ್ನೆ ವಲಸೆ ಬಂದ ಆ ಸಾಕ್ಷಿ ಹಿಂದೆ ಹತ್ತಾರು ಊರು ಸಂಘಗಳಲ್ಲಿ ಇದ್ದು ಬಿಟ್ಟವನು. ಒಂದು ಆಯುಷ್ಯಕ್ಕೆ ಒಗ್ಗದಷ್ಟು ಉದ್ದದ ಪಟ್ಟಿ. ಕುಬ್ಜರಿಗೆ ಹೆಂಡವಿಲ್ಲದೆ ದಿನ ಸಾಗದು; ಇವನೋ, ನಾವು ಕಾಯುತ್ತ ಕುಳಿತಷ್ಟು ಹೊತ್ತೂ ಒಂದು ಗುಟುಕು ಕುಡಿಯಲಿಲ್ಲ. ಕೊಲೆಗಾರನೇ ಸಾಕ್ಷಿಯ ವೇಷದಲ್ಲಿ ಬಂದಿದ್ದ.

ಇಟಲಿಯ ಬೆಕಾರಿಯಾ 1764ರಲ್ಲಿ ಅಪರಾಧ ಮತ್ತು ದಂಡನೆಗಳ ಮೇಲೆ ಬರೆದ ಪುಟ್ಟ ಗ್ರಂಥದಲ್ಲಿ ಗುಪ್ತ ದೂರುಗಳನ್ನೂ ಚಿತ್ರಹಿಂಸೆಯನ್ನೂ ಖಂಡಿಸಿದ್ದಾನೆ. ಅಪರಾಧವನ್ನು ತಡೆಯುವುದು ಶಿಕ್ಷೆಯ ಕ್ರೌರ್ಯಕ್ಕಿಂತ ಅದರ ಖಚಿತತೆಯೇ ಎಂಬುದು ಅವನ ಮುಖ್ಯ ವಾದ. ಕುಬ್ಜರ ಕೋಟೆಯಲ್ಲಿ ಶಿಕ್ಷೆ ಖಚಿತ, ಅದರಲ್ಲಿ ಸಂಶಯವಿಲ್ಲ. ಯಾರಿಗೆ ಎಂಬುದು ಮಾತ್ರ ಖಚಿತವಲ್ಲ. ಕೃತ್ಯ ನಡೆದ ಕಾಲದಲ್ಲಿ ಜಾರಿಯಲ್ಲಿದ್ದ ಕಾನೂನನ್ನು ಮೀರಿದ ಹೊರತು ಯಾರನ್ನೂ ಅಪರಾಧಿಯೆಂದು ತೀರ್ಮಾನಿಸಕೂಡದೆಂದು ನಮ್ಮ ಸಂವಿಧಾನದ 20ನೆಯ ವಿಧಿ ಹೇಳುತ್ತದೆ. ನ್ಯಾಯಾಂಗ ಕಾರ್ಯಾಂಗದಿಂದ ಬೇರೆಯಾಗಿರಬೇಕೆಂದು 50ನೆಯ ವಿಧಿ ಆಶಿಸುತ್ತದೆ. ಕೋಟೆಯಲ್ಲಾದರೋ ಹುಡುಕುವವನೂ ಷರೀಫ, ಹೊಡೆಯುವವನೂ ಷರೀಫ. 2020ರಲ್ಲಿ ಸೇರಿಸಿದ ವಿಚಾರಣೆಯ ಕ್ರಮದಲ್ಲಿ ಶಂಕಿತರನ್ನು ಕರೆಸಿ ಪ್ರಶ್ನಿಸುವವನೂ ಅವನೇ. ಇದರಿಂದ ಕಳ್ಳರನ್ನು ಕಳಿಸಿದ ಹೊರಗಿನ ಒಳಸಂಚುಗಾರರ ಹೆಸರುಗಳು ಹೊರಬೀಳುವುದುಂಟು. ಈ ಒಂದು ಸುಧಾರಣೆಯನ್ನು ನಾನು ಮನಸಾರೆ ಒಪ್ಪುತ್ತೇನೆ, ಏಕೆಂದರೆ ಇಲ್ಲಿ ಮಾತ್ರ ಕೈಯಿಟ್ಟವನನ್ನು ದಾಟಿ ಕಳಿಸಿದವನವರೆಗೆ ದೃಷ್ಟಿ ಹರಿಯುತ್ತದೆ. ಆದರೆ ಅದೂ ಹೊರಗಿನವನವರೆಗೆ. ಮರಳಿಲ್ಲದ ನೆಲದಲ್ಲಿ ಗಾಜು ಕೇಳಿದ ಬ್ಯಾರನ್ ಆ ಆಜ್ಞೆಗಾಗಿ ಯಾವ ಪಟ್ಟಿಯಲ್ಲಿಯೂ ಸೇರುವುದಿಲ್ಲ, ಅವನ ಮೇಲಿರುವ ಆಡುವವನೂ ಸೇರುವುದಿಲ್ಲ.

ಶಿಕ್ಷೆಯ ವಿಷಯ ಎರಡು ಮಾತು. ಸರಪಳಿಯ ಬಳಿ ಹಾಸಿಗೆ ಇಟ್ಟರೆ ಕೈದಿ ಅದರ ಮೇಲೆ ಮಲಗಬಹುದು. ಅನ್ನ ನೀರುಗಳನ್ನು ಇತರರು ತಂದುಕೊಡುತ್ತಾರೆ. ಸೆರೆಮನೆ ಇಲ್ಲದ ಕೋಟೆಯಲ್ಲಿ ಸೆರೆವಾಸದ ಬದಲು ಏಟು ಬೀಳುತ್ತದೆ. ಕಾವಲುಪಡೆಯ ನಾಯಕ ಯುದ್ಧದಲ್ಲಿ ಪಳಗಿದವನಾದರೆ ಆ ಏಟಿಗೇ ಪ್ರಾಣ ಹೋಗಬಹುದು. ಆದ್ದರಿಂದ ಮೊದಲ ವರ್ಷವೇ ಎರಡು ಸರಪಳಿ ಮಾಡಿಸಿಡುವುದು ದಯೆಯ ಕೆಲಸ. ರಕ್ತಪಿಪಾಸುವಿಗೆ ಅನ್ನ ನಿದ್ರೆ ಬೇಡವಾದ್ದರಿಂದ ಕೆಲವು ಆಟಗಾರರು ಅವನನ್ನು ಕೋಣೆಯೊಂದರಲ್ಲಿ ಕೂರಿಸಿ ಬಾಗಿಲಿಗೆ ಗೋಡೆ ಕಟ್ಟಿ, ಕೋಟೆಯ ದಾಸ್ತಾನಿನ ಲೆಕ್ಕ ಬರೆಸುತ್ತಾರಂತೆ. ಗೆಳೆಯನೂ ಹಾಗೆಯೇ ಮಾಡಿದ. ವಿಚಾರಣೆಯಿಲ್ಲ, ತೀರ್ಪಿಲ್ಲ, ಲೆಕ್ಕ ಮಾತ್ರ ಚೊಕ್ಕವಾಗಿದೆ.

ಘೋರ ಅಪರಾಧಕ್ಕೆ ಸುತ್ತಿಗೆಯ ಹೊಡೆತ. ಅದಕ್ಕೆಂದೇ ಹ್ಯಾಮರರ್ ಎಂಬ ಅಧಿಕಾರಿಯಿದ್ದಾನೆ. ಅವನ ಕೈಗೆ ಉಕ್ಕಿನ ಸುತ್ತಿಗೆ ಸಿಕ್ಕರೆ ಎಲುಬು ಪುಡಿ. ಆಟದಲ್ಲಿ ಅಡಮಂಟೈನ್ ಎಂಬ ಅತ್ಯಂತ ಬೆಲೆಯುಳ್ಳ ಲೋಹವೊಂದಿದೆ. ಕತ್ತಿಗೆ ಅದಕ್ಕೆ ಸಮನಿಲ್ಲ, ಆದರೆ ತೂಕ ಹೆಚ್ಚುಕಡಮೆ ಇಲ್ಲವೇ ಇಲ್ಲವಾದ್ದರಿಂದ ಸುತ್ತಿಗೆಗೆ ನಿಷ್ಪ್ರಯೋಜಕ. ಮರುಕವುಳ್ಳ ಆಟಗಾರರು ನೆಲದಾಳದಿಂದ ಅಗೆದು ತಂದ ಆ ಲೋಹದಲ್ಲಿಯೇ ಹ್ಯಾಮರರನಿಗೆ ಸುತ್ತಿಗೆ ಮಾಡಿಸಿಕೊಡುತ್ತಾರೆ. ಗೆಳೆಯನ ಕೋಟೆ ಇನ್ನೂ ಅಷ್ಟು ಆಳಕ್ಕೆ ಇಳಿದಿಲ್ಲ. ಅಲ್ಲಿಯವರೆಗೆ ಮರದ ಸುತ್ತಿಗೆಯಿರಲಿ ಎಂದು ನಾನು ಸೂಚಿಸಿದ್ದೇನೆ.